ವಿಮಾನ ಉರುಳಿಸುತ್ತಿದ್ದ ಯಜಮಾನರು

ಮಕ್ಕಳೇ, ಆಟದ ಹುಚ್ಚು ನಿಮ್ಮಿಂದಲೇ ಶುರುವಾಯಿತೆಂದುಕೊಳ್ಳಬೇಡಿ. ಹಲಸೂರಿನ ವಠಾರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ವಿಮಾನ ಕಟ್ಟಿ, ನಿವೃತ್ತರಾದ ಮೇಲೆ ಬೀದಿ ಕೊನೆಯ ವಿಡಿಯೋ ಗೇಮ್ ಅಂಗಡಿಯಲ್ಲಿ ವಿಮಾನ ಉರುಳಿಸಲು ನಿಂತರು. ಪರದೆಯ ಮೇಲಿನಿಂದ ಶತ್ರುವಿಮಾನಗಳು ಗುಂಪುಗುಂಪಾಗಿ ಇಳಿಯುತ್ತಿದ್ದವು. ಇವರು ನಾಲಿಗೆ ಕಚ್ಚಿಕೊಂಡು ದೇಶ ಕಾಯುತ್ತಿದ್ದರು. ಊಟಕ್ಕೆ ಕರೆದರೂ ಒಂದೇ ಮಾತು: "ಇದೊಂದು ಗುಂಪು ಮುಗಿಸ್ಬಿಟ್ಟು ಬಂದೆ." ಆರನೆಯ ಗುಂಪನ್ನು ಮಾತ್ರ ಆ ವೀರರು ಎಂದೂ ದಾಟಿರಲಿಲ್ಲ.

ಅವರ ಮಗಳನ್ನು ನೋಡಲು ಗಂಡಿನವರು ಬಂದ ದಿನ, ವಿಧವೆಯಾದ ನಾನು ಎದುರಿಗಿರಬಾರದೆಂದು, ಅಂಗಡಿಯಿಂದ ಯಜಮಾನರನ್ನು ಕರೆತರಲು ಮನೆಯವರು ನನ್ನನ್ನೇ ಅಟ್ಟಿದರು. ಗಂಡಸರ ಮುಂದೆ ಬಾಯಿ ಬಿಡದ ನಾನು ಹೇಗೋ ಹೇಳಿದೆ: "ಗಂಡಿನವರು ಬಂದು ಕೂತವ್ರೆ. ನೀವು ಬರ್ದಿದ್ರೆ ಎದ್ದು ಹೋಗ್ತಾರಂತೆ."

"ಈಗ್ಲೇನಾ? ಐದನೇ ಗುಂಪಲ್ಲಿದ್ದೀನಲ್ಲಮ್ಮ! ಹಿಡ್ಕೊಳ್ಳಿ ಇದನ್ನ. ಬಟನ್ ಒತ್ತಾ ಇರಿ, ನನ್ನ ವಿಮಾನ ಸಾಯಿಸ್ಬೇಡಿ!" ಎಂದು ಓಡಿದರು.

ಹೆದರಿ, ಕಣ್ಣು ಅರ್ಧ ಮುಚ್ಚಿ ಒತ್ತಿದೆ. ಅವರು ಲಾಡು ಹಿಡಿದು ವಾಪಸು ಬಂದಾಗ ಹದಿಮೂರನೆಯ ಗುಂಪು ಇಳಿಯುತ್ತಿತ್ತು.

"ಒಪ್ಪಿದ್ರಾ?" ಎಂದೆ.

"ಹೂಂ," ಎಂದರು, ಪರದೆಯನ್ನೇ ನೋಡುತ್ತ. ಲಾಡು ಕೊಡದೆ ಹೊರಟುಹೋದರು. ಮದುವೆಗೂ ಕರೆಯಲಿಲ್ಲ.