ಎಡಗಡೆಯ ಹೆರಳು

ಏಳನೆಯ ಇಯತ್ತೆಯವರೆಗೆ ನನ್ನ ಹೆರಳನ್ನು ನಾನು ಹಾಕಿಕೊಂಡವಳೇ ಅಲ್ಲ. ನಮ್ಮ ಕಡೆ ಜಡೆಗೆ ಹೆರಳು ಎನ್ನುತ್ತಾರೆ. ಬೆಳಿಗ್ಗೆ ರೊಟ್ಟಿ ಮುಗಿಸಿ ಕೈ ತೊಳೆದುಕೊಂಡ ಅವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ ಅವಳ ಮೊಣಕಾಲ ನಡುವೆ ಕೂತು, ಶಾಲೆಯ ರಿಬ್ಬನ್ನುಗಳನ್ನು ಹಲ್ಲಲ್ಲಿ ಕಚ್ಚಿ ಹಿಡಿದಿರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಹೊಲ, ಎಮ್ಮೆ, ಅಡುಗೆ ಎಲ್ಲವೂ ಅವ್ವನ ಮೇಲೆಯೇ ಬಿದ್ದು, ನನ್ನನ್ನು ಮುಟ್ಟಿ ಮಾತಾಡಿಸಲು ಅವಳಿಗೆ ಪುರಸೊತ್ತು ಸಿಗುತ್ತಿದ್ದದ್ದು ಆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಸಿಕ್ಕು ಬಿಡಿಸುವಾಗ ಎಷ್ಟೇ ನೋವಾದರೂ ಬೇಗ ಮುಗಿಸು ಎಂದು ನಾನು ಅಂದವಳಲ್ಲ.

ಆ ವರ್ಷ ಕಾಕಾನ ಮದುವೆ ಗೊತ್ತಾಯಿತು. ಅಪ್ಪನ ತಮ್ಮ, ನಮ್ಮ ಜೊತೆಗೇ ಇರುವವನು. ಕಳಸಗಿತ್ತಿ ನೀನೇ ಎಂದು ಅವನು ನನಗೆ ಹೇಳಿಬಿಟ್ಟ. ಮದುಮಗನ ಹಿಂದೆ ಕಳಸ ಹಿಡಿದು ನಿಲ್ಲುವ ಹುಡುಗಿ ಅಂದರೆ ಸಾಮಾನ್ಯವೇ? ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜವಳಿ ತರುವ ದಿನ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಶಲವಡಿಯಿಂದ ಬಂದಳು. ಚಹಾ ಕುಡಿಯುತ್ತ, ಸೀರೆಯ ಮಾತಿನ ನಡುವೆ, ಇನ್ನೊಂದಿಷ್ಟು ಸಕ್ಕರೆ ಕೇಳಿದಷ್ಟು ಸಲೀಸಾಗಿ ಅಂದಳು:

“ಅವತ್ತ ಇಕಿ ಹೆರಳು ನಾ ಹಾಕ್ತೀನಿ. ಶುಭಕಾರ್ಯ ಐತಿ, ಮುತ್ತೈದಿ ಕೈ ಬೇಕಾಗ್ತೈತಿ.”

ಅವ್ವ ಕಪ್ಪುಬಸಿ ಎತ್ತಿಡುತ್ತಿದ್ದಳು. “ಹೌದ್ರಿ ಅಕ್ಕಾರ, ನೀವ ಹಾಕ್ರಿ,” ಅಂದಳು.

ಅತ್ತೆ ಕೆಟ್ಟವಳಲ್ಲ. ಅಪ್ಪ ಹೋದಾಗ ಕಾಳುಕಡಿ ತಂದುಹಾಕಿ, ಎಷ್ಟೋ ದಿನ ಅವ್ವನ ಬಾಜೂಕೆ ಮಲಗಿದವಳು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಶ್ರಾವಣದ ಪುರಾಣದಲ್ಲಿ ತಲೆದೂಗಿ ಕೇಳುವ ಮಂದಿ, ಮದುವೆ ಬಂತೆಂದರೆ ಗಂಡನಿಲ್ಲದವಳನ್ನು ಹೇಗೆ ಪಕ್ಕಕ್ಕೆ ಸರಿಸುತ್ತಾರೆ ಎಂದು ಕೇಳುವಷ್ಟು ಬುದ್ಧಿ ಆಗ ನನಗಿರಲಿಲ್ಲ. ದಿನಾ ನನ್ನ ತಲೆ ಬಾಚುವ ಕೈ ಆ ಒಂದು ದಿನಕ್ಕೆ ಬೇಡವಾಯಿತು ಎಂಬುದಷ್ಟೇ ಗೊತ್ತಾಯಿತು. ಹೂಂ ಅಂದುಬಿಟ್ಟ ಅವ್ವನ ಮೇಲೆಯೂ ಮೈಯೆಲ್ಲ ಉರಿಯಿತು.

ನಾನೇ ಹಾಕಿಕೊಳ್ಳುತ್ತೇನೆ ಎಂದರೆ ಅತ್ತೆ ಕೇಳುವ ಪೈಕಿಯಲ್ಲ. ಬಾಚಣಿಗೆ ಕಸಿದುಕೊಂಡು ಕೂಡಿಸಿಬಿಡುತ್ತಾಳೆ. ಅವಳಿಗೆ ಬಾರದ ಹೆರಳೇ ಬೇಕಿತ್ತು. ಫ್ರೆಂಚ್ ಹೆರಳು ನನ್ನ ತಲೆಗೆ ಹೊಳೆದದ್ದು ಹೀಗೆ. ಅದು ಕುತ್ತಿಗೆಯಿಂದಲ್ಲ, ಹಣೆಯಿಂದಲೇ ಶುರು. ಮೂರು ಎಳೆ ಹೆಣೆಯುತ್ತ, ಪ್ರತಿ ಸಲವೂ ಪಕ್ಕದಿಂದ ಸ್ವಲ್ಪ ಕೂದಲು ಸೇರಿಸಿಕೊಳ್ಳುತ್ತ, ತಲೆಗೆ ಅಂಟಿಕೊಂಡೇ ಕೆಳಗಿಳಿಯಬೇಕು. ಎಡಕ್ಕೊಂದು, ಬಲಕ್ಕೊಂದು. ಕಾಕಾನಿಗೆ ಗೊತ್ತುಮಾಡಿದ ಹುಡುಗಿಯ ತಂಗಿಯರು ಹಾಗೆಯೇ ಹಾಕಿಕೊಂಡಿದ್ದರು. ಹೆಣ್ಣಿನ ಕಡೆಯವರ ಮುಂದೆ ನಾವು ಕಡಿಮೆಯಾಗಬಾರದು ಎಂದರೆ ಅತ್ತೆಯೂ ಒಪ್ಪಿಯಾಳು ಎಂದು ನನ್ನ ಲೆಕ್ಕಾಚಾರ.

ಅಡುಗೆಮನೆಯ ಗೋಡೆಗೆ ಕನ್ನಡಿ ಆನಿಸಿ, ಕಾಕಾನ ಮೊಬೈಲಿನಲ್ಲಿ ವಿಡಿಯೋ ಹಚ್ಚಿಕೊಂಡು ಕೂತೆ. ವಿಡಿಯೋದ ಹುಡುಗಿ ಬೇರೆಯವಳ ತಲೆಗೆ ಹಾಕುತ್ತಿದ್ದಳು, ಅವಳಿಗೇನು ಕಷ್ಟ? ನನಗೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗಿ, ಸೇರಿಸಬೇಕಾದ ಕೂದಲು ಒಂದು ಕಡೆ, ಹಿಡಿದದ್ದು ಇನ್ನೊಂದು ಕಡೆ. ಕಿವಿಯ ಹಿಂದೆ ಬರುವಷ್ಟರಲ್ಲಿ ತೋಳು ಸೋತು ಹೋಗುತ್ತಿದ್ದವು. ಕೈ ಬಿಟ್ಟರೆ ಮಾಡಿದ್ದೆಲ್ಲ ಬಿಚ್ಚಿಕೊಳ್ಳುವುದು. ಸಿಟ್ಟಿಗೆ ಬಾಚಣಿಗೆ ಎಸೆದರೆ ಅದು ಹೋಗಿ ರೊಟ್ಟಿಯ ಹಿಟ್ಟಿನಲ್ಲಿ ಬಿತ್ತು. ಅವ್ವ ತೆಗೆದು, ಒರೆಸಿ, ನನ್ನ ಕೈಗೆ ಕೊಟ್ಟಳು.

ದಾರಿ ತೋರಿಸಿದವಳು ಬಾಜೂ ಮನೆಯ ಆಪಾ, ಮದುವೆ ಮನೆಗಳಿಗೆ ಮೆಹಂದಿ ಹಾಕಲು ಹೋಗುವವಳು. ನನ್ನ ಒದ್ದಾಟ ನೋಡಲಾರದೆ ಕನ್ನಡಿಯನ್ನೇ ಬೋರಲು ಹಾಕಿದಳು. ಕಣ್ಣು ಮುಚ್ಚಿಕೊಂಡು ಹಾಕು, ಕೈ ಸೋತರೆ ಮೊಣಕೈಯನ್ನು ಗೋಡೆಗೆ ಊರು ಅಂದಳು. ಹಾಗೆ ಮಾಡಿದ ಮೇಲೆ ಬೆರಳುಗಳಿಗೆ ತಮ್ಮ ಜಾಗ ಗೊತ್ತಾಗುತ್ತ ಬಂತು. ಬಲಗಡೆಯದು ನೆಟ್ಟಗಾಯಿತು. ಎಡಗಡೆಯದು ಮಾತ್ರ ನನ್ನ ಹಾಗೆಯೇ ಹಟಮಾರಿ, ಒಂದು ದಿನ ಮಾತು ಕೇಳಿದರೆ ಇನ್ನೊಂದು ದಿನ ಇಲ್ಲ.

ರೂಢಿಯಾಗಲೆಂದು ಶಾಲೆಗೂ ಹಾಗೆಯೇ ಹಾಕಿಕೊಂಡು ಹೋಗತೊಡಗಿದೆ. ಮೊದಲ ದಿನ ಅವ್ವ ಎಣ್ಣೆಯ ಬಾಟಲಿ ಹಿಡಿದು ಎಂದಿನಂತೆ ಕಟ್ಟೆಗೆ ಬಂದು ಕೂತಳು. ನನ್ನ ತಲೆ ಆಗಲೇ ಆಗಿತ್ತು.

“ಇನ್ನ ನನ್ನ ಕೆಲಸಾ ಇಲ್ಲ ಬಿಡು,” ಅಂದಳು. ನಕ್ಕೇ ಅಂದಳು.

ನಿನಗಾಗಿಯೇ ಕಲಿತೆ ಎಂದು ಹೇಳಬಹುದಿತ್ತು. ಹೇಳಿದ್ದರೆ, ಇಲ್ಲದ ಉಸಾಬರಿ ಬೇಡ ಎಂದು ಅವಳೇ ನನ್ನನ್ನು ಹಿಡಿದು ಅತ್ತೆಯ ಮುಂದೆ ಕೂಡಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡು ಪಾಟಿಚೀಲ ಹೆಗಲಿಗೆ ಹಾಕಿಕೊಂಡೆ.

ಮದುವೆಯ ದಿನ, ಹೆಂಗಸರು ತುಂಬಿದ ಕೋಣೆಯಲ್ಲಿ ಅತ್ತೆ ಬಾಚಣಿಗೆ ಹಿಡಿದು ಸಜ್ಜಾಗಿ ಕೂತಿದ್ದಳು. ನಾನು ಫ್ರೆಂಚ್ ಹೆರಳು ಅಂದೆ, ಹೆಣ್ಣಿನ ಕಡೆಯವರ ಮಾತು ತೆಗೆದೆ. ಬಾಯಿ ಸೊಟ್ಟ ಮಾಡಿದರೂ, ಹಾಕಿಕೋ ನೋಡೋಣ ಎಂದು ಬಾಚಣಿಗೆ ಕೊಟ್ಟಳು. ಬಲಗಡೆಯದು ನೀರು ಕುಡಿದಷ್ಟು ಸುಲಭವಾಗಿ ಮುಗಿಯಿತು. ಎಡಗಡೆಯದು ಕಿವಿಯ ಹತ್ತಿರ ಬಂದಾಗ ಎಳೆ ಜಾರಿ, ಪೂರ್ತಿ ಬಿಚ್ಚಿಹೋಯಿತು. ಹೊರಗೆ ವಾದ್ಯ ಶುರುವಾಗಿತ್ತು. ಅತ್ತೆ ಬಾಚಣಿಗೆ ಇಸಿದುಕೊಂಡು ಕೈ ಮುಂದೆ ಮಾಡಿದಳು. ನಾನು ತಲೆ ಹಿಂದಕ್ಕೆ ಎಳೆದುಕೊಂಡೆ.

ಅವ್ವ ಅಡುಗೆಯವರ ಕಡೆಯಿಂದ ಬಂದು ಹೊಸ್ತಿಲಾಚೆಯೇ ನಿಂತಿದ್ದಳು.

“ಅವ್ವಾ, ನೀ ಬಾ. ನೀನ ಹಾಕು.”

ಅವ್ವ ಅತ್ತೆಯ ಮುಖ ನೋಡಿದಳು. ಬೇಡ ಎಂದು ನನಗೆ ಕಣ್ಣಲ್ಲೇ ಹೇಳಿದಳು. ನನಗೆ ಅಳು ಒತ್ತರಿಸಿ ಬರುತ್ತಿತ್ತು, ಆದರೂ ಬಿಡಲಿಲ್ಲ. “ಬ್ಯಾರೇದವರ ಕೈಲೆ ಹಾಕಿಸ್ಕೊಳ್ಳಂಗಿಲ್ಲ ನಾ,” ಅಂದೆ. “ಕಳಸಾನೂ ಹಿಡಿಯಂಗಿಲ್ಲ.”

ಅತ್ತೆ ಬಾಚಣಿಗೆಯನ್ನು ಅವ್ವನ ಕಡೆ ಚಾಚಿದಳು, ದೊಡ್ಡ ಮನಸ್ಸಿನಿಂದ ಏನಲ್ಲ, ಬೇಸರದಿಂದಲೇ. “ಬಾರವಾ, ಲಗೂನ ಮುಗಸು. ಅಕ್ಕಿಕಾಳಿಗೆ ಹೊತ್ತಾತು.”

ಅವ್ವ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು. ಸಾದಾ ಹೆರಳು ಹಾಕುತ್ತಾಳೆ, ಎರಡು ಕಡೆ ಎರಡು ನಮೂನೆಯಾದರೂ ಆಗಲಿ ಎಂದುಕೊಂಡಿದ್ದೆ. ಅವಳು ಹಣೆಯಿಂದ ಹಿಡಿದಳು. ಮೂರು ಎಳೆ ಮಾಡಿ, ಪಕ್ಕದಿಂದ ಸ್ವಲ್ಪ ಸ್ವಲ್ಪ ಸೇರಿಸುತ್ತ, ಎಲ್ಲಿಯೂ ತಡವರಿಸದೆ ಕಿವಿ ದಾಟಿ ಕುತ್ತಿಗೆಗೆ ಇಳಿದಳು. ವಿಡಿಯೋ ಅವಳು ನೋಡಿರಲಿಲ್ಲ. ರೊಟ್ಟಿ ಬಡಿಯುತ್ತ ನನ್ನನ್ನೇ ನೋಡುತ್ತಿದ್ದಳು ಎಂದು ಆಗ ತಿಳಿಯಿತು.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವಾಗ ಅವಳು ಹಂದರದೊಳಗೆ ಬರಲಿಲ್ಲ. ಒಂದು ಹೆರಳಿನಿಂದ ಅಷ್ಟೆಲ್ಲ ಬದಲಾಗುವುದಿಲ್ಲ ಎಂದು ಈಗ ಗೊತ್ತು, ಅವತ್ತು ಗೊತ್ತಿರಲಿಲ್ಲ. ಆಚೆ ಕಂಬದ ಹತ್ತಿರ ನಿಂತು, ತಿರುಗಿ ನೋಡುತ್ತಿದ್ದ ನನಗೆ ಮುಂದೆ ನೋಡು ಎಂದು ಕೈಸನ್ನೆ ಮಾಡಿದಳು. ನಾನು ಕೇಳಲಿಲ್ಲ. ಕಾಕಾನ ಆಲ್ಬಮ್ಮಿನ ಆ ಫೋಟೋದಲ್ಲಿ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದಾರೆ. ಕಳಸ ಹಿಡಿದ ನಾನೊಬ್ಬಳೇ ಬಲಕ್ಕೆ ಹೊರಳಿದ್ದೇನೆ, ಮುಖ ಸರಿಯಾಗಿ ಕಾಣುವುದಿಲ್ಲ. ಅವ್ವ ಹಾಕಿದ ಹೆರಳು ಮಾತ್ರ ಹಣೆಯಿಂದ ತುದಿಯವರೆಗೆ ಪೂರ್ತಿ ಬಂದಿದೆ.