ಕೌದಿಗೂ ಬಾರದ ಸೀರೆ

ರಂಜಾನ್ ತಿಂಗಳಲ್ಲಿ ಹಿರಿಯೂರಿನ ಬಟ್ಟೆ ಅಂಗಡಿಗಳಲ್ಲಿ ‘ಜಕಾತ್ ಸೀರೆ’ ಎಂಬ ಕಟ್ಟು ಸಿಗುತ್ತದೆ. ಉಟ್ಟರೆ ಮೈ ಕಾಣುವಷ್ಟು ತೆಳು, ಒಮ್ಮೆ ಒಗೆದರೆ ಬಣ್ಣ ಹೋಯಿತು. ಕೊಡುವವರ ಮನೆಯ ಹೆಂಗಸರು ಅದನ್ನು ಉಡುವುದಿಲ್ಲ. ಉಳ್ಳವರ ಉಳಿತಾಯದಲ್ಲಿ ಬಡವರಿಗೆ ಹಕ್ಕಿನ ಪಾಲಿದೆ, ಅದೇ ಜಕಾತ್ ಎಂದಿತು ಧರ್ಮ. ಆ ಪಾಲನ್ನು ಇಂಥ ಬಟ್ಟೆ ಮಾಡಿದವರು ನಾವು. ಅಪ್ಪನೂ ಪ್ರತಿವರ್ಷ ಕಟ್ಟುಗಟ್ಟಲೆ ತರುತ್ತಿದ್ದರು.

ನಾನು ಎಂ.ಎ. ಓದುತ್ತಿದ್ದ ವರ್ಷ, ಎಂದಿನಂತೆ ಮನೆಯ ಮುಂದೆ ಸಾಲು ನಿಂತಿತ್ತು. ಆದಿವಾಲದಿಂದ ಬಂದಿದ್ದ ಒಬ್ಬ ವಿಧವೆ, ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುವವರು, ಸೀರೆಯನ್ನು ಬೆರಳ ನಡುವೆ ಉಜ್ಜಿ ನೋಡಿದರು.

“ಇದು ಕೌದಿ ಒಳಕ್ಕೂ ಬರಲ್ಲಣ್ಣ. ಸೂಜಿ ಹಾಕಿದ್ರೆ ಹರೀತೈತೆ. ನಾಕು ಮನೇಲಿ ಇಂಥವೇ ನಾಕು ಕೊಟ್ಟವ್ರೆ. ನೀವೆಲ್ಲ ಸೇರಿ ಒಂದು ಹೊಲಿಗೆ ಮಿಷನ್ ಕೊಡ್ರಿ. ಮುಂದಿನ ವರ್ಷ ಈ ಬಾಗಿಲಿಗೆ ಬಂದ್ರೆ ಕೇಳ್ರಿ.”

ಅಪ್ಪ ನಕ್ಕರು. “ನಿನಗೊಬ್ಬಳಿಗೇ ಕೊಟ್ರೆ ಹಿಂದಿರೋರು ನನ್ನ ಸುಮ್ನೆ ಬಿಡ್ತಾರೇನವ್ವ?”

ಆಗ ನಾನು ಅಪ್ಪನೊಂದಿಗೆ ಜಗಳವಾಡಿದೆ. ಹಾಗೆಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಅಕ್ಕ ಒಪ್ಪುವುದಿಲ್ಲ.

“ನೀನೆಲ್ಲಿ ಜಗಳ ಆಡ್ದೆಲೇ? ಕಟ್ಟು ಬಿಚ್ಚಿ ಬಿಚ್ಚಿ ಕೊಟ್ಟೋನೇ ನೀನು. ‘ಬೇಗ ಬರ್ರಿ’ ಅಂತ ಕೂಗ್ತಿದ್ದೆ.”

ಅವಳದೇ ನಿಜವಿರಬೇಕು. ನೈಲಾನ್ ಹಗ್ಗ ಬಿಚ್ಚುವಾಗ ಉಗುರು ಸೀಳಿದ್ದು ನೆನಪಿದೆ. ಜಗಳದ ಒಂದು ಮಾತೂ ನೆನಪಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಪ್ಪ ತೀರಿಕೊಂಡರು. ಈ ವರ್ಷ ಕೊಡುವ ಸರದಿ, ನಮಾಜಿಗೂ ಸರಿಯಾಗಿ ಹೋಗದ ನನ್ನದಾಯಿತು. ಬಟ್ಟೆ ಅಂಗಡಿಗೆ ಹೋದಾಗ ಸಾಹುಕಾರರು, “ನಿಮ್ಮ ಕಟ್ಟು ಎತ್ತಿಟ್ಟೀನಿ, ಕುಂತ್ಕಳ್ರಿ” ಎಂದರು.

“ಇದನ್ನ ನಿಮ್ಮ ಮನೇಲಿ ಯಾರಾದ್ರೂ ಉಡ್ತಾರಾ?” ಎಂದೆ, ದನಿ ಏರಿಸಿ.

“ಏನಪ್ಪ, ಕೇಳಿ ತರಿಸೋರು ನೀವು, ಬೈಸ್ಕಳೋನು ನಾನಾ?”

ಅವರ ಮಾತು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹೊಲಿಗೆ ಮಿಷನ್ ಕೊಂಡು ಆಟೋದಲ್ಲಿ ಹಾಕಿಕೊಂಡು ನೇರ ಆದಿವಾಲಕ್ಕೆ ಹೋದೆ.

ಅಂದು ಮಿಷನ್ ಕೇಳಿದ್ದ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾರ ಮಗನೆಂದು ಹೇಳಿಕೊಂಡೆ. ಮಿಷನ್ನಿನ ಚಕ್ರವನ್ನು ಕೈಯಿಂದ ತಡವಿ ನೋಡಿದರು.

“ಕಣ್ಣಿದ್ದಾಗೆಲ್ಲ ಸೀರೆ ಕೊಟ್ರಿ. ಸೂಜಿಗೆ ದಾರ ಪೋಣಿಸಾಕೆ ಆಗದಂಗಾದ ಮ್ಯಾಲೆ ಇದನ್ನ ತಂದ್ರಿ. ಇರ್ಲಿ, ಒಳಗಿಡ್ರಿ. ಸೊಸೆ ಹೊಲೀತಾಳೆ. ಅವಳನ್ನ ಆ ಸಾಲಿಗೆ ಕಳಸಲ್ಲ.” ಆಮೇಲೆ ಕೇಳಿದರು, “ಅವತ್ತು ‘ಬೇಗ ಬರ್ರಿ’ ಅಂತ ಕೂಗ್ತಿದ್ನಲ್ಲ ಒಬ್ಬ ಹುಡುಗ, ಅವ್ನು ಯಾರು?”

ಗೊತ್ತಿಲ್ಲ ಎಂದೆ. ಈ ಸುಳ್ಳು ಹೇಳಿದವನು ನಾನೇ ಎಂಬುದನ್ನು ಮಾತ್ರ ಅಕ್ಕನ ಬಳಿ ಕೇಳಿ ಖಚಿತಪಡಿಸಿಕೊಳ್ಳಬೇಕಿಲ್ಲ.