ಗುಬ್ಬಿ ಅಕ್ಕನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು

ಸಾವಿರದ ಆರುನೂರು ರೂಪಾಯಿ. ಕುಣಿಗಲ್ಲಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಜೆರಾಕ್ಸ್ ಅಂಗಡಿಯವನು ತನ್ನ ಹಳೇ ಕಂಪ್ಯೂಟರಿಗೆ ಮೂರು ಸಾವಿರವೇ ಬೇಕೆಂದು ಪಟ್ಟು ಹಿಡಿದು ಕೂತಿದ್ದ. ನಾನು ಮಾನಿಟರಿನ ಮೇಲೆ ಬೆರಳಾಡಿಸಿ ಧೂಳು ತೋರಿಸಿದೆ. ಕೀಬೋರ್ಡಿನ ಒಂದು ಕಾಲು ಮುರಿದದ್ದು ತೋರಿಸಿದೆ. ಎರಡು ಸಲ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಹಾಕಿ, ಅವನು ಕರೆಯುವವರೆಗೂ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಾ ನಿಂತೆ. ಅಷ್ಟಕ್ಕೇ ಇಳಿದದ್ದು ಯಾಕೆಂದರೆ, ಅದು ಆ ಕಾಲಕ್ಕೇ ಮುದಿ ಪೆಂಟಿಯಂ. ನನ್ನನ್ನು ಬಿಟ್ಟರೆ ಅದನ್ನು ಕೇಳುವ ಇನ್ನೊಬ್ಬ ಗಿರಾಕಿ ಕುಣಿಗಲ್ಲಿನಲ್ಲಿ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೆ ಮಾನಿಟರಿಗೆ ಹೊದಿಸುವ ಪ್ಲಾಸ್ಟಿಕ್ ಕವರನ್ನೂ ಬಿಡದೆ ಇಸಕೊಂಡೆ.

ಇದು ಈಗ ನೆನಪಾದದ್ದು ಒಂದು ವಾಸನೆಯಿಂದ. ತುಮಕೂರಿನಲ್ಲಿ ನನ್ನದು ಹಳೆಯ ಸಾಮಾನು ಕೊಂಡು ಮಾರುವ ಅಂಗಡಿ. ಮೊನ್ನೆ ಯಾರೋ ಡಬ್ಬದಂಥ ಹಳೇ ಟಿವಿಯೊಂದನ್ನು ತಂದಿಟ್ಟರು. ಪ್ಲಗ್ ಹಾಕಿದ ಐದು ನಿಮಿಷಕ್ಕೆ ಒಳಗಿನ ಧೂಳು ಬಿಸಿಯಾಗಿ, ಹುರಿದ ಮಣ್ಣಿನಂಥ ಒಂದು ವಾಸನೆ ಎದ್ದಿತು. ಆ ವಾಸನೆ ನಿಮಗೂ ಗೊತ್ತಿರಬೇಕು. ಎಲ್‌ಇಡಿ ಪರದೆಗಳು ಬಂದ ಮೇಲೆ ಮೂಗಿಗೆ ಅದು ತಪ್ಪಿಹೋಗಿದೆ. ಗಿರಾಕಿ ಬೆಲೆ ಹೇಳುತ್ತಿದ್ದ, ನಾನು ಗುಬ್ಬಿಯಲ್ಲಿದ್ದೆ. ಆವತ್ತು ಅವನು ಕೇಳಿದಷ್ಟು ಕೊಟ್ಟು ಕಳಿಸಿದೆನೆಂದು ಕಾಣುತ್ತದೆ. ನನ್ನ ಹೆಂಡತಿಗೆ ಇದು ಗೊತ್ತಿಲ್ಲ.

ಗುಬ್ಬಿಯಲ್ಲಿ ನಮ್ಮಕ್ಕ ಇದ್ದಳು. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಹದಿನೈದು ವರ್ಷದಿಂದ ಟೈಪಿಸ್ಟು. ನಮ್ಮಪ್ಪ ನನ್ನನ್ನು ಓದಿಸಲು ನೋಡಿ ಸೋತರು. ಅವಳನ್ನು ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿಗೆ ಕಳಿಸಿ ಗೆದ್ದರು. ಸೀನಿಯರ್ ಗ್ರೇಡ್ ಪಾಸಾದವಳು. ಅವಳು ಕೂತು ಹೊಡೆಯುತ್ತಿದ್ದರೆ ಕಾಲೇಜಿನ ಕಾರಿಡಾರಿಗೆಲ್ಲ ಆಲಿಕಲ್ಲು ಬಿದ್ದ ಹಾಗೆ ಕೇಳಿಸುತ್ತಿತ್ತಂತೆ. ಕೀಲಿಗಳ ಕಡೆ ನೋಡುವುದೆಂದರೆ ಅವಳ ಲೆಕ್ಕದಲ್ಲಿ ಊಟ ಮಾಡುವಾಗ ಬಾಯಿ ಎಲ್ಲಿದೆ ಎಂದು ಕನ್ನಡಿ ನೋಡಿದ ಹಾಗೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಆ ಕಾಲೇಜಿಗೂ ಕಂಪ್ಯೂಟರ್ ಬಂತು. ಪ್ರಿನ್ಸಿಪಾಲರ ಕೋಣೆಯಲ್ಲಿಟ್ಟು, ಜರಿಯಂಚಿನ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಒಳಗೆ ಬರುವವರು ಚಪ್ಪಲಿ ಬಿಡಬೇಕೆಂದು ಚೀಟಿ ಅಂಟಿಸಿದರು. ಮುಟ್ಟುವ ಹಾಗಿಲ್ಲ. ಆದರೆ ಬೇಸಿಗೆ ರಜೆ ಮುಗಿದು ಕಾಲೇಜು ಬಾಗಿಲು ತೆಗೆಯುವ ದಿನ ಅದರಲ್ಲೇ ಪರೀಕ್ಷೆ: ಒಂದು ಪತ್ರ, ಒಂದು ಅಂಕಪಟ್ಟಿ. ಬಂದರೆ ಕೆಲಸ ಉಳಿಯಿತು, ಬರದಿದ್ದರೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ. ಅಕ್ಕ ಇದನ್ನು ನನಗೆ ಹೇಳಿದ್ದು ಫೋನಿನಲ್ಲಿ, ಬೇರೇನೋ ಮಾತಿನ ನಡುವೆ, ಹಾಲು ಒಡೆಯಿತು ಎನ್ನುವ ಹಾಗೆ. ನಲವತ್ತೆರಡರ ವಯಸ್ಸಿನಲ್ಲಿ ಮತ್ತೆಲ್ಲಿ ಹೋಗಿ ಟೈಪಿಸ್ಟ್ ಕೆಲಸ ಕೇಳುತ್ತಾಳೆ? ಪರೀಕ್ಷೆಗೆ ಹದಿನಾರು ದಿನ ಇತ್ತು. ನಾನು ಮಾರನೆಯ ದಿನವೇ ಕುಣಿಗಲ್ ಬಸ್ಸು ಹತ್ತಿದೆ.

ಹೋದದ್ದು ಬಸ್ಸಿನಲ್ಲಿ, ಹಾಗಾಗಿ ಬಂದದ್ದೂ ಬಸ್ಸಿನಲ್ಲೇ. ಅಮೃತೂರಿನ ಕಡೆಯಿಂದ ಬಂದ ಪ್ರೈವೇಟ್ ಬಸ್ಸು, ಮೇಲೆಲ್ಲ ಎಳನೀರು ತುಂಬಿತ್ತು. ಕಂಡಕ್ಟರು ಮಾನಿಟರನ್ನೂ ಮೇಲೆ ಹಾಕು, ಇಲ್ಲ ಲಗೇಜ್ ಕೊಡು ಎಂದ. ನಾನು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ತೊಡೆ ಮೇಲಿನ ಕೂಸಿಗೆ ಯಾವ ಬಸ್ಸಲ್ಲಿ ಟಿಕೆಟ್ ತಗೋತಾರೆ ಎಂದು ಕೇಳಿದೆ. "ಕೂಸು ಭಾರಿ ಗುಂಡಗವ್ನೆ ಬುಡು, ಹಾಲು ಕುಡಿಸ್ಕೊಂಡು ಬಾ" ಎಂದು ಅವನು ಮುಂದೆ ಹೋದ. ಬಸ್ಸಿನವರೆಲ್ಲ ನಕ್ಕರು. ತುಮಕೂರು ಬರುವ ಹೊತ್ತಿಗೆ ನನ್ನ ಎರಡೂ ಕಾಲಿಗೆ ಜೋಮು ಹಿಡಿದು, ಇಳಿಸಲು ಅವನೇ ಕೈ ಕೊಡಬೇಕಾಯಿತು.

ತುಮಕೂರಿನಲ್ಲಿ ನನಗೆ ಪರಿಚಯದ ಕಂಪ್ಯೂಟರ್ ರಿಪೇರಿಯವನೊಬ್ಬನಿದ್ದ, ಸಿದ್ದಲಿಂಗ. ಹಣೆಗೆ ವಿಭೂತಿ, ಜೇಬಿನಲ್ಲಿ ಸ್ಕ್ರೂಡ್ರೈವರ್, ಮಾತು ಕಡಿಮೆ. ಅವನು ಡಬ್ಬ ಬಿಚ್ಚಿ ನೋಡಿ, ಒಳಗಿದ್ದ ವಿಂಡೋಸ್ ವೈರಸ್ಸಿನಿಂದ ಕೊಳೆತಿದೆ, ಹೊಸದು ಹಾಕಿದರೆ ಈ ಅರವತ್ತನಾಲ್ಕು ಎಂಬಿ ಮೆಮೊರಿಗೆ ಹೊರಲು ಆಗುವುದಿಲ್ಲ ಎಂದ. "ಮೊಪೆಡ್ ಮೇಲೆ ಲಾರಿ ಲೋಡ್ ಹಾಕ್ದಂಗೆ ಆಗ್ತದೆ ಅಣ್ಣ. ವಿಂಡೋಸ್ ಬದ್ಲಿಗೆ ಹಾಕೋಕೆ ಲಿನಕ್ಸ್ ಅಂತೈತೆ, ಅದ್ರಲ್ಲಿ ಸಣ್ಣದೊಂದನ್ನ ಹಾಕು." ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿ ಕೈಗಿಟ್ಟ. ಎಷ್ಟು ಎಂದೆ. ದುಡ್ಡಿಲ್ಲ, ಅದು ಬಿಟ್ಟಿ ಎಂದ. ನನಗೆ ಅನುಮಾನ ಬಂದದ್ದು ಅಲ್ಲಿಯೇ. ಹುಟ್ಟಿದಾಗಿನಿಂದ ಚೌಕಾಸಿ ಮಾಡಿ ಬದುಕಿದವನಿಗೆ, ಬೆಲೆಯೇ ಇಲ್ಲದ ಸಾಮಾನು ಕೊಟ್ಟರೆ ಎಲ್ಲಿ ಹಿಡಿದು ಎಳೆಯಬೇಕು? ಆದರೂ ಅವನು ಒಂದು ಚೀಟಿಯಲ್ಲಿ ನಾಲ್ಕು ಅಂಕಿ ಬರೆದುಕೊಟ್ಟು, ಇದು ಹಳೇ ಮಾನಿಟರು, ತಾನು ಎಷ್ಟು ವೇಗದಲ್ಲಿ ಚಿತ್ರ ಮೂಡಿಸಬಲ್ಲೆ ಅಂತ ಅದು ಲಿನಕ್ಸಿಗೆ ಹೇಳುವುದಿಲ್ಲ, ನಾವೇ ಒಂದು ಫೈಲಿನಲ್ಲಿ ಬರೆದು ಹೇಳಬೇಕು ಎಂದು ತಿಳಿಸಿದ. ಯಾವ ಫೈಲು, ಹೇಗೆ ತೆರೆಯುವುದು ಎಂದು ಮೂರು ಸಲ ಹೇಳಿಸಿಕೊಂಡು ಬರೆದುಕೊಂಡೆ.

ಗುಬ್ಬಿಯಲ್ಲಿ ಆಗ ಕರೆಂಟು ಗ್ಯಾರಂಟಿ ಇದ್ದದ್ದು ಬೆಳಗ್ಗೆ ಆರರಿಂದ ಎಂಟೂವರೆ. ನಾನು ಅಲ್ಲೇ ಉಳಿದೆ. ಅಕ್ಕನ ಮನೆಯ ನಡುಮನೆಯಲ್ಲಿ, ಅವಳ ಹಳೇ ಟೈಪ್‌ರೈಟರನ್ನು ಸ್ಟೂಲಿಗೆ ಸರಿಸಿ, ಅದರ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟೆವು. ಸಿಡಿ ಹಾಕುವ ತಟ್ಟೆ ತಾನಾಗಿ ಒಳಗೆ ಹೋಗುತ್ತಿರಲಿಲ್ಲ, ಬೆರಳಿನಿಂದ ತಳ್ಳಬೇಕಿತ್ತು. ಮೌಸು ಎರಡನೇ ತೂತಿಗೆ ಹಾಕಿದರೆ ಮಾತ್ರ ಜೀವ. ಇವೆರಡನ್ನೂ ಮೊದಲ ದಿನವೇ ಗೆದ್ದೆವು. ಲಿನಕ್ಸು ಇಳಿಯಿತು, ಬಿಳಿ ಅಕ್ಷರಗಳು ಮಳೆಯ ಹಾಗೆ ಸುರಿದವು. ಬಣ್ಣದ ಪರದೆ ಒಂದು ಬರಬೇಕು, ಅಷ್ಟೇ.

ಬರಲಿಲ್ಲ.

ಫೈಲಿನಲ್ಲಿ ಅಂಕಿ ತುಂಬುವ ಕೆಲಸ ಅಕ್ಕನದು. ನಾನು ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವುದು ಅವಳಿಗೆ ನೋಡಲಾಗಲಿಲ್ಲ. ಎದ್ದೇಳೋ ಆ ಕಡೆ, ನೀನು ಓದು ಸಾಕು ಎಂದಳು. ನಾನು ಚೀಟಿ ಹಿಡಿದು ಓದುತ್ತಿದ್ದೆ, ಮೂವತ್ತೊಂದು ಪಾಯಿಂಟ್ ಐದು, ನಲವತ್ತೆಂಟು. ನಾನು ಬಾಯಿ ಮುಚ್ಚುವ ಮೊದಲೇ ಅವಳು ಹೊಡೆದು ಮುಗಿಸುತ್ತಿದ್ದಳು. ಸಾಲು ಮುಗಿದಾಗಲೆಲ್ಲ ಅವಳ ಎಡಗೈ ತನ್ನಷ್ಟಕ್ಕೆ ಮೇಲೆದ್ದು, ಟೈಪ್‌ರೈಟರಿನಲ್ಲಿ ಕಾಗದ ಹೊತ್ತು ಓಡುವ, ಇಲ್ಲಿ ಇಲ್ಲದ ಗಾಡಿಯನ್ನು ತಳ್ಳಲು ಹೋಗಿ ಮಾನಿಟರಿನ ಕೆನ್ನೆಗೆ ಬಾರಿಸುತ್ತಿತ್ತು. ಎರಡನೆಯ ದಿನ ಹಾಗೆಯೇ ಕಾಫಿ ಲೋಟ ಬಿತ್ತು.

ಪಾಪ, ಆ ಯಂತ್ರ ನಮಗೆ ಪ್ರತಿ ಸಲವೂ ಹೇಳುತ್ತಿತ್ತು. ಇಂಥ ಸಾಲಿನಲ್ಲಿ ಇರುವುದು ನನಗೆ ಅರ್ಥವಾಗಲಿಲ್ಲ ಎಂದು ಸಾಲಿನ ನಂಬರಿನ ಸಮೇತ ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು. ನಾವು ಆ ಸಾಲು ತೆರೆದು, ಚೀಟಿಯನ್ನು ಪಕ್ಕಕ್ಕೆ ಹಿಡಿದು, ಒಂದೊಂದೇ ಅಂಕಿ ತಾಳೆ ನೋಡುತ್ತಿದ್ದೆವು. ಎಲ್ಲ ಸರಿಯಾಗಿಯೇ ಇತ್ತು. ನಾನು ಒಮ್ಮೆ, ಟೈಪ್ ಮಾಡುವುದರಲ್ಲಿ ಏನಾದರೂ ಎಂದು ಬಾಯಿ ತೆಗೆದೆ. ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಹದಿನೈದು ವರ್ಷ ಆಯ್ತು ಕಣೋ. ನನ್ನ ಕಾಗದದಲ್ಲಿ ಪ್ರಿನ್ಸಿಪಾಲ್ರೇ ತಪ್ಪು ಹುಡುಕಿಲ್ಲ, ನಿನ್ನ ಗುಜರಿ ಡಬ್ಬ ಹುಡುಕ್ತದಾ?" ಡಬ್ಬ ಗುಜರಿಯದ್ದೇ, ಹಾಗಾಗಿ ತಪ್ಪೂ ಅದರದ್ದೇ ಎಂದು ತೀರ್ಮಾನಿಸಿ, ಬಿಸಿಲಲ್ಲಿ ತುಮಕೂರಿಗೆ ಹೋಗಿ ಇನ್ನೊಂದು ಡಿಸ್‌ಪ್ಲೇ ಕಾರ್ಡು ತಂದೆ. ಮಾರನೆಯ ದಿನ ಮತ್ತೊಮ್ಮೆ ಹೋಗಿ ಇನ್ನೊಂದು ಸಿಡಿ ತಂದೆ. ಭಾವ ಹಲ್ಲುಜ್ಜುತ್ತಾ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕುಣಿಗಲ್ಲಿಂದ ಟಿವಿ ತಂದವ್ನೆ, ಒಂದು ಚಾನಲ್ಲೂ ಬರ್ತಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ನಾಲ್ಕು ದಿನ ಹೋಯಿತು. ನಾಲ್ಕನೆಯ ದಿನ ಅಕ್ಕ ಟೈಪ್‌ರೈಟರಿನ ಮೇಲೆ ಕವರ್ ಹೊದಿಸುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ನೀನು ಊರಿಗೆ ಹೋಗು. ಅಂಗಡಿ ಮುಚ್ಕೊಂಡು ಎಷ್ಟು ದಿನ ಇರ್ತೀಯ. ನನಗೆ ಆಗಲ್ಲ ಅಂತ ಅವರಿಗೆ ನಾನೇ ಹೇಳ್ತೀನಿ." ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಕೊಂಡ ಸಾಮಾನನ್ನು ಕೆಲಸಕ್ಕೆ ಹಚ್ಚದೆ ನಾನು ಯಾವತ್ತೂ ಬಿಟ್ಟವನಲ್ಲ. ನಾಳೆ ಒಂದು ಬೆಳಗ್ಗೆ ಕೊಡು ಎಂದೆ.

ಐದನೆಯ ಬೆಳಗ್ಗೆ ನಾನು ಪರದೆಯ ಕಡೆ ನೋಡಲಿಲ್ಲ. ವ್ಯಾಪಾರದಲ್ಲಿ ನಾನು ಕಲಿತದ್ದು ಒಂದೇ, ಎದುರಿನವನ ಬಾಯಿ ನೋಡಬಾರದು, ಕೈ ನೋಡಬೇಕು. ಕಾರ್ಡು ನೋಡಿದ್ದೆ, ಕೇಬಲ್ಲು ನೋಡಿದ್ದೆ, ಸಿಡಿ ನೋಡಿದ್ದೆ. ನೋಡದೆ ಬಿಟ್ಟದ್ದು ಅಕ್ಕನ ಕೈ. ನೆಲದ ಮೇಲೆ ಮೊಣಕಾಲೂರಿ ಕೂತು, ಮೇಜಿನ ಅಂಚಿಗೆ ಗಲ್ಲವಿಟ್ಟು, ಅಂಕಿ ಓದುತ್ತಾ ಹೋದೆ. ಮೂರು ಎಂದಾಗ ಎಡಗೈ ಬೆರಳು ಮೇಲಿನ ಸಾಲಿಗೆ ಹೋಯಿತು. ಒಂದು ಎಂದೆ. ಎಡಗೈ ಅಲ್ಲಾಡಲಿಲ್ಲ. ಬಲಗೈಯ ಉಂಗುರದ ಬೆರಳು ಇದ್ದಲ್ಲೇ ಒಮ್ಮೆ ಮಿಡಿಯಿತು.

"ಅಕ್ಕ, ಈಗ ಏನು ಹೊಡೆದೆ?"

"ಒಂದು."

"ಅದು ಇಂಗ್ಲಿಷಿನ ಎಲ್ ಅಲ್ವಾ?"

"ಹೂಂ. ಚಿಕ್ಕ ಎಲ್ಲೇ ಒಂದು ಕಣೋ. ಅಷ್ಟೂ ಗೊತ್ತಿಲ್ವಾ ನಿಂಗೆ?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎದ್ದು ಹೋಗಿ ಟೈಪ್‌ರೈಟರಿನ ಕವರ್ ತೆಗೆದೆ. ಮೇಲಿನ ಸಾಲು ಎರಡರಿಂದ ಶುರುವಾಗಿತ್ತು. ಒಂದರ ಕೀಲಿಯೇ ಇಲ್ಲ. ಕಬ್ಬಿಣ ಉಳಿಸಲೆಂದೋ ಏನೋ, ಮಾಡಿದವರು ಅದನ್ನು ಬಿಟ್ಟಿದ್ದರು. ಇನ್‌ಸ್ಟಿಟ್ಯೂಟಿನಲ್ಲಿ ಚಿಕ್ಕ ಎಲ್ ಅಕ್ಷರವನ್ನೇ ಒಂದು ಎಂದು ಕಲಿಸಿದ್ದರು. ಕಾಗದದ ಮೇಲೆ ಎರಡೂ ಒಂದೇ ಥರದ ಗೀಟು, ಓದುವವರಿಗೆ ಏನೂ ವ್ಯತ್ಯಾಸವಿಲ್ಲ. ಆ ಮಂಕು ಪರದೆಯ ಮೇಲೆ ನಮಗೂ ವ್ಯತ್ಯಾಸ ಕಂಡಿರಲಿಲ್ಲ. ವ್ಯತ್ಯಾಸ ಕಂಡಿದ್ದು ಯಂತ್ರಕ್ಕೆ ಮಾತ್ರ.

ಅಕ್ಕ ಕಂಪ್ಯೂಟರಿನ ಕೀಬೋರ್ಡನ್ನು ಮೊದಲ ಸಲ ಕಣ್ಣಿಟ್ಟು ನೋಡಿದಳು. ಎಡಗಡೆ, ಮೇಲೆ, ಮೂಲೆಯಲ್ಲಿ ಒಂದರ ಕೀಲಿ ಕೂತಿತ್ತು. ಎದ್ದು ಅಡುಗೆಮನೆಗೆ ಹೋದಳು. ನೀರು ಕುಡಿದ ಸದ್ದು ಕೇಳಿಸಿತು. ಬಂದು ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯ ಕಿರುಬೆರಳನ್ನು ಎತ್ತಿ, ಇರುವೆ ಹಿಡಿಯುವವಳ ಹಾಗೆ ಆ ಕೀಲಿಯನ್ನು ಒತ್ತಿದಳು. ಅಂಕಿಗಳಲ್ಲಿ ಎಲ್ ಇದ್ದ ಕಡೆಯೆಲ್ಲ ಅಳಿಸಿ ಒಂದು ಹಾಕಿ, ಮತ್ತೆ ಚಾಲೂ ಮಾಡಿದೆವು. ಪರದೆ ಒಮ್ಮೆ ಕಪ್ಪಾಯಿತು. ಟಕ್ ಎಂದು ಒಳಗೇನೋ ಸದ್ದಾಯಿತು. ಆಮೇಲೆ ನೀಲಿ ಬಂತು.

ಉಳಿದ ಒಂಬತ್ತು ದಿನವೂ ಆರು ಗಂಟೆಗೆ ಅವಳು ಕುರ್ಚಿಯಲ್ಲಿ. ಸಾಲಿನ ಕೊನೆಗೆ ಎಡಗೈ ಏಳದಿರಲೆಂದು ಮೊದಲೆರಡು ದಿನ ಮಣಿಕಟ್ಟಿಗೆ ಕರವಸ್ತ್ರ ಕಟ್ಟಿ ಮೇಜಿನ ಡ್ರಾಯರಿನ ಹಿಡಿಗೆ ಗಂಟು ಹಾಕಿಕೊಂಡಳು. ಭಾವನವರ ನಗು ನಿಂತಿತು. ಕಾಲೇಜಿನಲ್ಲಿರುವುದು ವಿಂಡೋಸು, ಇಲ್ಲಿ ಕಲಿತದ್ದು ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಭಯ ಅವಳಿಗಿತ್ತು. ಸೇವ್ ಮಾಡುವುದು, ಅಕ್ಷರ ದಪ್ಪ ಮಾಡುವುದು, ಪಟ್ಟಿ ಹಾಕುವುದು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ, ಬಟನ್ನುಗಳ ಜಾಗ ಮಾತ್ರ ಬೇರೆ ಎಂದು ಸಿದ್ದಲಿಂಗ ಹೇಳಿದ್ದನ್ನೇ ನಾನು ನನ್ನ ಮಾತೆಂಬಂತೆ ದಿನವೂ ಹೇಳಿದೆ.

ಪರೀಕ್ಷೆಯ ದಿನ ಪತ್ರ ಸಲೀಸಾಗಿ ಬಂತಂತೆ. ಅಂಕಪಟ್ಟಿಯಲ್ಲಿ ಹತ್ತು ಹುಡುಗರ ಆರಾರು ವಿಷಯ. ತುಂಬಿ ಮುಗಿಸಿದ ಮೇಲೆ ಪ್ರಿನ್ಸಿಪಾಲರು ಯಾವುದೋ ಬಟನ್ ಒತ್ತಿ, ಕಂಪ್ಯೂಟರೇ ಕೂಡಲಿ ಎಂದರಂತೆ. ಹತ್ತು ಮೊತ್ತವೂ ಸರಿಯಾಗಿ ಬಂದವು. ಎಲ್ ಹಾಕಿದ್ದರೆ ಅದು ಅಂಕಿಯೇ ಅಲ್ಲ, ಕೂಡುತ್ತಲೇ ಇರಲಿಲ್ಲ. ಸಾಯಂಕಾಲ ನನ್ನ ಅಂಗಡಿಗೆ ಫೋನ್ ಮಾಡಿ ಅಕ್ಕ ಹೇಳಿದ್ದು ಇಷ್ಟೇ: "ಇವತ್ತೂ ಅಲ್ಲೇ ಕೂತಿದ್ದೆ, ನಾಳೆಯಿಂದಲೂ ಅಲ್ಲೇ ಕೂರ್ತೀನಂತೆ ಕಣೋ." ನಿವೃತ್ತಿಯವರೆಗೂ ಅಲ್ಲೇ ಕೂತಳು.

ಈ ಕತೆಯನ್ನು ನಾನು ವರ್ಷಗಟ್ಟಲೆ, ಮೂರು ಸಾವಿರದ ಮಾಲನ್ನು ಅರ್ಧ ಬೆಲೆಗೆ ಹೊಡೆದು ಅಕ್ಕನ ಕೆಲಸ ಉಳಿಸಿದೆ ಎಂದೇ ಹೇಳಿಕೊಂಡು ಬಂದಿದ್ದೇನೆ. ನಾಲ್ಕು ದಿನ ಯಂತ್ರ ಬರೆದು ತೋರಿಸಿದ್ದನ್ನು ನಂಬದೆ ಬಿಸಿಲಲ್ಲಿ ತುಮಕೂರಿಗೂ ಗುಬ್ಬಿಗೂ ಅಲೆದದ್ದನ್ನು ಹೇಳುತ್ತಿರಲಿಲ್ಲ. ಮಣಿಕಟ್ಟಿಗೆ ಗಂಟು ಹಾಕಿಕೊಂಡು ಕೂತವಳ ವಿಷಯವನ್ನೂ ಹೇಳುತ್ತಿರಲಿಲ್ಲ. ಮೊನ್ನೆ ಟಿವಿಯ ಮುಂದೆ ನಿಂತಾಗ ಅದು ಸ್ವಲ್ಪ ಅನ್ಯಾಯ ಅನ್ನಿಸಿತು. ಅದಕ್ಕೇ ಬರೆದೆ.

ನಿಮ್ಮ ಮನೆಯಲ್ಲೂ ಹಳೆಯ ಕಂಪ್ಯೂಟರೋ ಲ್ಯಾಪ್‌ಟಾಪೋ ಮಂಚದ ಕೆಳಗೆ ಇರುತ್ತದೆ. ನನ್ನಂಥವನಿಗೆ ತೂಕದ ಲೆಕ್ಕದಲ್ಲಿ ಮಾರಬೇಡಿ. ನಾನು ಒಳ್ಳೆಯ ಬೆಲೆ ಕೊಡುವವನಲ್ಲ. ಹಗುರವಾದ ಲಿನಕ್ಸ್ ಒಂದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಹಾರ್ಡ್‌ಡಿಸ್ಕ್ ಮುಟ್ಟದೆ ಮೊದಲು ಅದರಿಂದಲೇ ಚಾಲೂ ಮಾಡಿ ನೋಡಿ. ವೈಫೈ, ಸೌಂಡು, ಪ್ರಿಂಟರು ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಚೀಟಿ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ತಪ್ಪಿನ ಸಂದೇಶ ಬಂದರೆ ಪೂರ್ತಿ ಓದಿ, ಅದು ಹೇಳಿದ ಜಾಗವನ್ನು ಅಳಿಸಿ ಹೊಸದಾಗಿ ಬರೆಯಿರಿ. ಕಣ್ಣಾಡಿಸಿ ಸರಿ ಇದೆ ಎನ್ನಬೇಡಿ. ಹೊಸ ಬಿಡಿಭಾಗಕ್ಕೆ ಅಂಗಡಿಗೆ ಹೋಗುವುದು ಎಲ್ಲ ಮುಗಿದ ಮೇಲೆ. ಮತ್ತೆ, ಆ ಯಂತ್ರ ಯಾರ ಕೆಲಸಕ್ಕೆ ಬೇಕೋ ಅವರನ್ನೇ ಮೊದಲ ದಿನದಿಂದ ಕುರ್ಚಿಯಲ್ಲಿ ಕೂರಿಸಿ. ನಿಮಗೆ ಎಷ್ಟೇ ಗೊತ್ತಿದ್ದರೂ ನೀವು ಪಕ್ಕದಲ್ಲಿ ನಿಂತು ಚೀಟಿ ಓದಿ, ಸಾಕು.